ಡಾಲ್ಟನ್ ಟೀಚರ್

ಶೋಧನ್ ಆ ಶಾಲೆಗೆ ಬಂದ ಮೊದಲ ವಾರದಲ್ಲೇ ಪ್ರಾಪ್ತಿಯ ಪಾಠವೊಂದನ್ನು ಕೆಡಿಸಿಬಿಟ್ಟ.

ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ದಾರಿಯಲ್ಲಿ, ಬೆಳ್ತಂಗಡಿ ತಾಲೂಕು ಶುರುವಾಗುವ ಕಡೆ ಇರುವ ಸರ್ಕಾರಿ ಪ್ರೌಢಶಾಲೆ ಅದು. ಗಣಿತ ಮತ್ತು ಭೌತಶಾಸ್ತ್ರಕ್ಕೆಂದು ಅವನು ವರ್ಗವಾಗಿ ಬಂದಿದ್ದ. ರಸಾಯನಶಾಸ್ತ್ರ, ಜೀವಶಾಸ್ತ್ರ ಪ್ರಾಪ್ತಿಯ ಪಾಲು. ಸುತ್ತೋಲೆಯೊಂದಕ್ಕೆ ಎಲ್ಲರ ಸಹಿ ಹಾಕಿಸುತ್ತ ಅವನು ಒಂಬತ್ತನೆಯ ತರಗತಿಯ ಬಾಗಿಲಿಗೆ ಬಂದಾಗ ಅವಳ ಧ್ವನಿ ಕಿವಿಗೆ ಬಿತ್ತು. ತುಂಬಿದ ಧ್ವನಿ. ಕೂಗದೆಯೇ ಕೊನೆಯ ಬೆಂಚನ್ನು ಮುಟ್ಟುತ್ತಿತ್ತು.

"ಪರಮಾಣುವನ್ನು ಒಡೆಯಲಿಕ್ಕೆ ಆಗುವುದಿಲ್ಲ. ಸೃಷ್ಟಿ ಮಾಡ್ಲಿಕ್ಕೂ ಆಗುವುದಿಲ್ಲ, ನಾಶ ಮಾಡ್ಲಿಕ್ಕೂ ಆಗುವುದಿಲ್ಲ. ಒಂದು ಧಾತುವಿನ ಪರಮಾಣುಗಳು ಎಲ್ಲ ಒಂದೇ ತರ, ಎಲ್ಲದರ ತೂಕವೂ ಒಂದೇ. ಬರ್ಕೊಳ್ಳಿ."

ಶೋಧನ್‌ಗೆ ತಡೆಯಲಾಗಲಿಲ್ಲ. "ಟೀಚರ್, ಒಡೆಯಬಹುದಲ್ಲ? ಒಡೆದಿದ್ದಾರಲ್ಲ?"

ತರಗತಿಯ ತಲೆಗಳೆಲ್ಲ ಬಾಗಿಲಿನ ಕಡೆ ತಿರುಗಿದವು. ಪ್ರಾಪ್ತಿಯೂ ತಿರುಗಿದಳು. ಸಿಟ್ಟು ಮಾಡಲಿಲ್ಲ. ಎಡಹುಬ್ಬು ಮಾತ್ರ ಸ್ವಲ್ಪ ಮೇಲೇರಿತು. ಮಕ್ಕಳು ಸುಳ್ಳು ಹೇಳುವಾಗ ಅವಳು ನೋಡುತ್ತಿದ್ದದ್ದು ಹಾಗೆಯೇ ಎಂದು ಅವನಿಗೆ ಆಮೇಲೆ ತಿಳಿಯಿತು.

"ಸರ್, ಇದು ಡಾಲ್ಟನ್ ಹೇಳಿದ್ದು."

"ಆದ್ರೆ ಅದು ತಪ್ಪಲ್ಲವಾ?"

"ಅದನ್ನು ನಾಳೆ ಹೇಳುವವಳಿದ್ದೆ. ನೀವು ಇವತ್ತೇ ಹೇಳಿ ಮುಗಿಸಿದ್ರಿ."

ಮಕ್ಕಳು ನಕ್ಕರು. ಅವನ ಕೈಯಿಂದ ಸುತ್ತೋಲೆ ತೆಗೆದುಕೊಂಡು ಸಹಿ ಹಾಕಿ ಹಿಂದೆ ಕೊಡುವಾಗ ಅವಳೂ ನಗು ತಡೆದುಕೊಂಡಿದ್ದಳು. ಅದು ಅವನಿಗೆ ಕಾಣದಿರಲಿಲ್ಲ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕ್ಷಮೆ ಕೇಳಲು ಹೋದ. ಅವಳು ಟಿಫಿನ್ ಬಾಕ್ಸ್ ಬಿಚ್ಚುತ್ತ, "ನನ್ನ ಮಕ್ಕಳು ಒಂದು ದಿನ ಡಾಲ್ಟನನ್ನು ಪೂರ್ತಿ ನಂಬಬೇಕು ಸರ್," ಎಂದಳು. "ಮರುದಿನ ನಾನೇ ಬಂದು, ನಿನ್ನೆ ಹೇಳಿದ್ದರಲ್ಲಿ ಎಲ್ಲೆಲ್ಲಿ ತಪ್ಪುಂಟು ಹುಡುಕುವ ಅಂತೇನೆ. ಅವರಿಗೆ ಸಿಟ್ಟು ಬರ್ತದೆ. ಹಾಗಾದ್ರೆ ನಿನ್ನೆ ಯಾಕೆ ಬರೆಸಿದ್ದು ಅಂತ ಜಗಳಕ್ಕೆ ಬರ್ತಾರೆ. ಜಗಳ ಮಾಡಿ ಕಲಿತದ್ದು ಮರೆತು ಹೋಗುವುದಿಲ್ಲ."

"ಅದಕ್ಕೇ ಮಕ್ಕಳು ನಿಮಗೆ ಡಾಲ್ಟನ್ ಟೀಚರ್ ಅಂತ ಹೆಸರಿಟ್ಟದ್ದಾ?"

"ಒಂದೇ ವಾರದಲ್ಲಿ ಅದೂ ಗೊತ್ತಾಯ್ತಾ ನಿಮಗೆ?" ಎಂದು ಅವಳು ಮುಖವೆತ್ತಿ ನೋಡಿದಳು. "ನಾಳೆ ಮೂರನೇ ಪೀರಿಯೆಡ್. ಕೊನೇ ಬೆಂಚಲ್ಲಿ ಕೂತ್ಕೊಳ್ಳಿ. ಬಾಯಿ ತೆಗೀಬಾರದು."

ಅವನು ಹೋಗಿ ಕೂತ. ಅವಳು ಮೇಜಿನ ಮೇಲೆ ಇದ್ದಿಲಿನ ಒಂದು ತುಂಡನ್ನೂ ಒಂದು ಪೆನ್ಸಿಲನ್ನೂ ಇಟ್ಟಳು. ಕಿವಿಯ ಸಣ್ಣ ವಜ್ರದ ಓಲೆ ಕಳಚಿ ಪಕ್ಕಕ್ಕಿಟ್ಟಳು. ಮೂರೂ ಇಂಗಾಲ. ಪರಮಾಣುಗಳೆಲ್ಲ ಒಂದೇ ತರ ಆದರೆ ಇದು ಯಾಕೆ ಕಪ್ಪು, ಅದು ಯಾಕೆ ಹೊಳೆಯುತ್ತದೆ? ಡಾಲ್ಟನ್ ಹತ್ತಿರ ಉತ್ತರ ಇರಲಿಲ್ಲ. ನೀರಿನಲ್ಲಿ ಒಂದು ಹೈಡ್ರೋಜನ್‌ಗೆ ಒಂದು ಆಕ್ಸಿಜನ್ ಎಂದು ಬರೆದವನೂ ಅವನೇ. ಪರಮಾಣುವನ್ನು ಒಡೆಯಬಹುದು ಎಂಬುದನ್ನಂತೂ, ಅವಳು ಕೊನೆಯ ಬೆಂಚಿನತ್ತ ನೋಡಿ ಹೇಳಿದಳು, ನಿನ್ನೆ ಒಬ್ಬರು ಬಾಗಿಲಲ್ಲೇ ನಿಂತು ಹೇಳಿದ್ದಾರೆ. ಮಕ್ಕಳು ತಿರುಗಿ ನೋಡಿ ಕಿಸಕ್ಕೆಂದರು.

"ಇಷ್ಟು ತಪ್ಪು ಹೇಳಿದವನನ್ನು ನಾವು ಯಾಕೆ ಓದ್ಬೇಕು ಟೀಚರ್?" ಮುಂದಿನ ಬೆಂಚಿನ ವಿಸ್ಮಿತಾ ಕೇಳಿದಳು.

"ಅವನೂ ನನ್ನ ಹಾಗೆ ಶಾಲೆಯಲ್ಲಿ ಪಾಠ ಹೇಳಿದವನು. ಬಣ್ಣಗಳು ಕೂಡ ಅವನಿಗೆ ಸರಿಯಾಗಿ ಗೊತ್ತಾಗ್ತಿರಲಿಲ್ಲ. ಯಾರೂ ಕಾಣದ ವಸ್ತುವನ್ನು ಇರಬೇಕು ಅಂತ ಲೆಕ್ಕ ಹಾಕಿ ಹೇಳಿದ. ಕೆಲವು ಸರಿ, ಕೆಲವು ತಪ್ಪು. ಇನ್ನೊಂದು ದೊಡ್ಡ ತಪ್ಪುಂಟು. ಒಂದೇ ಧಾತುವಿನಲ್ಲೂ ಹಗುರದ್ದು, ಭಾರದ್ದು ಅಂತ ಬೇರೆ ಬೇರೆ ಪರಮಾಣು ಉಂಟು. ಅದು ಡಿಸೆಂಬರಿಗೆ ಬರ್ತದೆ. ಆಗ ಹೇಳ್ತೇನೆ."

ಆ ಪಾಠ ಮುಗಿಯುವಷ್ಟರಲ್ಲಿ ಶೋಧನ್‌ಗೆ ತನ್ನೊಳಗೆ ಏನು ನಡೆದಿದೆ ಎಂದು ಗೊತ್ತಾಗಿತ್ತು. ಒಂದು ಕಿವಿಯಲ್ಲಿ ಓಲೆ, ಇನ್ನೊಂದು ಬರಿದು. ಹಾಗೆಯೇ ಅವಳು ಗಂಟೆ ಹೊಡೆಯುವವರೆಗೂ ಪಾಠ ಮಾಡಿದ್ದಳು.

ಅಲ್ಲಿಂದ ಮುಂದೆ ಶನಿವಾರಗಳು ಬೇರೆಯಾದವು. ಶನಿವಾರ ಬೆಳಗ್ಗಿನ ಶಾಲೆ. ಅವನ ಮನೆ ಪೊಳಲಿ, ಅವಳದ್ದು ಬೆಳುವಾಯಿ. ಇಬ್ಬರ ದಾರಿಯೂ ಮೂಡುಬಿದಿರೆಯಲ್ಲಿ ಬೇರೆಯಾಗುತ್ತಿತ್ತು. ಅವನು ಬೈಕಿನಲ್ಲಿ ಮೊದಲೇ ಬಂದು ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕೂರುತ್ತಿದ್ದ. ಅವಳು ವೇಣೂರಿನ ಬಸ್ಸಿನಿಂದ ಇಳಿದು, ಬೆಳುವಾಯಿಯ ಬಸ್ಸು ಬರಲು ಇನ್ನೂ ಹೊತ್ತಿದ್ದರೆ ಮಾತ್ರ ಒಳಗೆ ಬರುತ್ತಿದ್ದಳು. ಬಸ್ಸಿಗೆ ಹೊತ್ತಿಲ್ಲದ ಶನಿವಾರ ಒಂದೂ ಬರಲಿಲ್ಲ.

ಗೋಳಿಬಜೆಯ ತಟ್ಟೆ ಇಬ್ಬರ ನಡುವೆ ಇರುತ್ತಿತ್ತು. ಕೊನೆಯದನ್ನು ಯಾರು ತಿನ್ನುವುದು ಎಂಬ ತಕರಾರಿನಲ್ಲಿ ಅವಳು ಪ್ರತಿ ಸಲವೂ ಗೆಲ್ಲುತ್ತಿದ್ದಳು. ಗೆದ್ದದ್ದನ್ನು ಎರಡು ಭಾಗ ಮಾಡಿ ದೊಡ್ಡದನ್ನು ಅವನ ಕಡೆ ಸರಿಸುತ್ತಿದ್ದಳು.

ದಸರಾ ರಜೆಗೆ ಮೊದಲಿನ ಶನಿವಾರ ಅವನು ಮಾತು ತೆಗೆದ.

"ನಾವಿಬ್ಬರು ಹೀಗೇ... ಡಾಲ್ಟನ್ ಹೇಳಿದ ಹಾಗೆ, ಬೇರೆ ಮಾಡ್ಲಿಕ್ಕೇ ಆಗದ ಹಾಗೆ..."

"ಸರ್, ಅದು ತಪ್ಪು ಅಂತ ಎರಡು ಮಾರ್ಕಿನ ಪ್ರಶ್ನೆ ಉಂಟು," ಎಂದು ಅವಳು ನಕ್ಕಳು.

"ಆಯ್ತು. ಸುಮ್ಮನೆ ಹೇಳ್ತೇನೆ. ನನಗೆ ನಿಮ್ಮನ್ನು ಮದುವೆ ಆಗ್ಬೇಕು. ನಿಮಗೆ ಹೇಗೆ?"

ಅವಳ ಮುಖದ ನಗು ತಟ್ಟನೆ ಹೋಗಲಿಲ್ಲ, ಮೆಲ್ಲನೆ ಇಳಿಯಿತು. ಸುತ್ತ ನೋಡಿದಳು. ಕುತ್ತಿಗೆಗೆ ಸುತ್ತಿಕೊಂಡಿದ್ದ ಶಾಲನ್ನು ಸ್ವಲ್ಪ ಕೆಳಕ್ಕೆ ಎಳೆದಳು. ಕೆಲವು ವಾರಗಳಿಂದ ಅವಳು ಶಾಲನ್ನು ಹಾಗೆಯೇ ಸುತ್ತಿಕೊಳ್ಳುತ್ತಿದ್ದಳು. ಅವನು ಅದನ್ನು ಚಂದ ಎಂದೇ ತಿಳಿದಿದ್ದ.

"ಇಲ್ಲಿ ನೋಡಿ."

ಲೋಟ ಎತ್ತಿ ಒಂದು ಗುಟುಕು ನೀರು ನುಂಗಿದಳು. ಗಂಟಲ ಬುಡದಲ್ಲಿ, ಸ್ವಲ್ಪ ಬಲಕ್ಕೆ, ಅಡಿಕೆಯಷ್ಟು ದಪ್ಪದ ಗಂಟೊಂದು ಮೇಲೆ ಹೋಗಿ ಕೆಳಗೆ ಬಂತು.

"ನುಂಗುವಾಗ ಮೇಲೆ ಕೆಳಗೆ ಹೋದ್ರೆ ಅದು ಥೈರಾಯ್ಡಿನದ್ದು. ನಾನೇ ಪಾಠ ಮಾಡ್ತೇನಲ್ಲ. ಜೂನಿನಿಂದ ಗೊತ್ತುಂಟು ನನಗೆ."

"ಡಾಕ್ಟ್ರಿಗೆ ತೋರಿಸಿದ್ದೀರಾ?"

"ಹೆದರಿಕೆ ಆಯ್ತು," ಎಂದಳು ಪ್ರಾಪ್ತಿ. "ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ ಅಂತಲ್ಲ. ಇದು ಏನು ಅಂತ ಗೊತ್ತಾಗದೆ ಹೇಳ್ಲಿಕ್ಕೆ ಆಗುವುದಿಲ್ಲ."

ಆ ದಿನ ಬೆಳುವಾಯಿಯ ಬಸ್ಸು ಬಂತು, ಹೋಯಿತು. ಅದರ ಮರುಬಸ್ಸೂ ಹೋಯಿತು. ಅವಳು ಏಳಲಿಲ್ಲ.

ರಜೆಯಲ್ಲಿ ಮಂಗಳೂರಿನ ಆಸ್ಪತ್ರೆಯಲ್ಲಿ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಕ್ಯಾನ್ಸರ್ ಎಂದು ಬಂತು. ಥೈರಾಯ್ಡಿನ ಕ್ಯಾನ್ಸರ್ ಬೇರೆಯದರ ಹಾಗಲ್ಲ, ಹೆಚ್ಚಿನವರಿಗೆ ವಾಸಿಯಾಗುತ್ತದೆ ಎಂದು ಡಾಕ್ಟರು ಧೈರ್ಯ ಹೇಳಿದರು. ಗ್ರಂಥಿಯನ್ನು ಪೂರ್ತಿ ತೆಗೆದರು. ಗಂಟು ಧ್ವನಿಯ ನರಕ್ಕೆ ಅಂಟಿಕೊಂಡಿತ್ತಂತೆ. ಶೋಧನ್ ವಾರ್ಡಿಗೆ ಹೋದಾಗ ಅವಳು ಏನೋ ಹೇಳಲು ಬಾಯಿ ತೆರೆದಳು. ಒಣ ಎಲೆ ಉಜ್ಜಿದಂಥ ಸದ್ದು ಬಂತು. ಅವಳೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು.

ಹೆಡ್‌ಮಾಸ್ಟರ್ ಅಬ್ದುಲ್ ನಾಸಿರ್, ಬೇಕಾದಷ್ಟು ರಜೆ ತೆಗೆದುಕೊಳ್ಳಲಿ ಎಂದು ಹೇಳಿ ಕಳಿಸಿದ್ದರೂ ಅವಳು ನವೆಂಬರಿನಲ್ಲಿ ಶಾಲೆಗೆ ಬಂದಳು. ಪಿಸುಮಾತಿನಲ್ಲೇ ಪಾಠ ಶುರು ಮಾಡಿದಳು. ಮಕ್ಕಳು ಕೆಮ್ಮಲೂ ಹೆದರಿ ಕೂತಿದ್ದರು. ಆ ಮೌನ ಅವಳಿಗೆ ತಡೆಯಲಾಗಲಿಲ್ಲ. ಅರ್ಧ ಪೀರಿಯೆಡಿಗೇ ಹೊರಗೆ ಬಂದವಳು ಕಾರಿಡಾರಿನ ಕಂಬಕ್ಕೆ ಒರಗಿ ನಿಂತಳು. ಎದುರಿಗೆ ಸಿಕ್ಕಿದ ಶೋಧನ್ ಹತ್ತಿರ, "ಗಲಾಟೆ ಮಾಡ್ತಿಲ್ಲ ಸರ್ ಅವರು," ಎಂದಳು. "ಪಾಪ ಅಂತ ನೋಡ್ತಾರೆ."

ಮುಂದಿನ ಚಿಕಿತ್ಸೆ ಡಿಸೆಂಬರಿಗೆ ಎಂದಾಯಿತು. ವಿಕಿರಣ ಸೂಸುವ ಅಯೋಡಿನ್. ಒಂದು ಮಾತ್ರೆ ನುಂಗಿದರೆ ಅದು ಮೈಯಲ್ಲಿ ಉಳಿದ ಥೈರಾಯ್ಡಿನ ಜೀವಕೋಶಗಳನ್ನು ಹುಡುಕಿಕೊಂಡು ಹೋಗಿ ಸುಡುತ್ತದೆ. ಅದಕ್ಕೆ ಮೊದಲು ಅಯೋಡಿನ್ ಇರುವ ಉಪ್ಪು, ಮೀನು, ಹಾಲು ಎಲ್ಲ ಬಿಡಬೇಕು. ತೆಗೆದ ಗ್ರಂಥಿಯ ಬದಲಿಗೆ ದಿನವೂ ನುಂಗುವ ಗುಳಿಗೆಯನ್ನೂ ನಿಲ್ಲಿಸಬೇಕು. ಪ್ರಾಪ್ತಿಯ ಮುಖ ಊದಿತು, ಬೇಸಗೆಯಂಥ ಬಿಸಿಲಿನಲ್ಲೂ ಚಳಿ ಎನ್ನುತ್ತಿದ್ದಳು. ಫೋನಿನಲ್ಲಿ ಒಂದು ವಾಕ್ಯ ಹೇಳಿ ಮುಗಿಸುವಷ್ಟರಲ್ಲಿ ದಣಿಯುತ್ತಿದ್ದಳು.

ಇನ್ನೊಂದು ತೊಂದರೆ ಬಂತು. ಮಾತ್ರೆ ನುಂಗಿದ ಮೇಲೆ ಅವಳ ಮೈಯೇ ಕೆಲವು ದಿನ ವಿಕಿರಣ ಸೂಸುತ್ತದೆ. ಆಸ್ಪತ್ರೆಯಿಂದ ಬಿಟ್ಟ ಮೇಲೂ ಬೇರೆ ಕೋಣೆ, ಬೇರೆ ಬಚ್ಚಲು ಇರಬೇಕು. ಮಕ್ಕಳು, ಬಸುರಿಯರು ಹತ್ತಿರ ಬರಬಾರದು. ಬೆಳುವಾಯಿಯ ಮನೆ ಸಣ್ಣದು. ಅಲ್ಲಿ ಅತ್ತಿಗೆಗೆ ಏಳು ತಿಂಗಳು. ಅಪ್ಪ ಭೋಜ ಮತ್ತು ಅಣ್ಣ ಲಾಡ್ಜ್ ಹುಡುಕುತ್ತಿದ್ದಾರೆ ಎಂದು ಅವಳು ಹೇಳಿದಳು. ಹೇಳುವಾಗ ನಗಲು ನೋಡಿದಳು.

ಶೋಧನ್ ಅದೇ ಸಂಜೆ ಅಮ್ಮನ ಹತ್ತಿರ ಹೋಗಿ ಕೂತ. ಶಶಿಪ್ರಭಾ ಹಿತ್ತಲಿನಿಂದ ತಂದ ಬಸಳೆಯನ್ನು ಹೆಚ್ಚುತ್ತಿದ್ದರು.

"ಅಮ್ಮ, ಮೇಲಿನ ಕೋಣೆ ಖಾಲಿ ಉಂಟಲ್ಲ? ಹೊರಗಿನಿಂದಲೇ ಮೆಟ್ಟಿಲು, ಬಚ್ಚಲೂ ಬೇರೆ."

ಅವನು ಎಲ್ಲವನ್ನೂ ಹೇಳಿದ. ಅವರು ಹೆಚ್ಚುವುದನ್ನು ನಿಲ್ಲಿಸದೆ ಕೇಳಿದರು.

"ಅವಳು ನಿನಗೆ ಏನಾಗ್ಬೇಕು?"

"ಏನೂ ಆಗಿಲ್ಲ. ಮದುವೆಗೆ ಕೇಳಿದ್ದೇನೆ. ಉತ್ತರ ಕೊಡ್ಲಿಲ್ಲ."

ಶಶಿಪ್ರಭಾ ಹೆಚ್ಚಿದ ಬಸಳೆಯನ್ನು ಪಾತ್ರೆಗೆ ಹಾಕಿದರು. "ಬರ್ಲಿ. ನಾನೇ ನೋಡ್ಕೊಳ್ತೇನೆ. ಆದ್ರೆ ಮಗಾ, ಮದುವೆಯ ಮಾತು ಬಿಟ್ಟುಬಿಡು."

"ಯಾಕೆ?"

"ನಿನ್ನ ಅಪ್ಪನನ್ನು ಡಯಾಲಿಸಿಸಿಗೆ ಕರ್ಕೊಂಡು ಹೋಗಿ ಹೋಗಿ ನನ್ನ ಪ್ರಾಯ ಆ ಆಸ್ಪತ್ರೆಯ ಬೆಂಚಲ್ಲೇ ಹೋಯ್ತು. ಪ್ರತಿ ಸಲ ರಿಪೋರ್ಟ್ ಬರುವವರೆಗೆ ಊಟ ಸೇರ್ತಿರಲಿಲ್ಲ ನನಗೆ. ನನ್ನದು ಆಯ್ತು. ನಿನ್ನದನ್ನೂ ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಬಿ.ಸಿ.ರೋಡಿನಲ್ಲಿದ್ದ ಅಪ್ಪನ ಹೋಟೆಲನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಅಪ್ಪ ತೀರಿಕೊಳ್ಳುವವರೆಗೂ ಅಮ್ಮ ವರ್ಷಗಟ್ಟಲೆ ಬಸ್ಸಿನಲ್ಲಿ ಅವರ ಪಕ್ಕ ಕೂತು ಮಂಗಳೂರಿಗೆ ಹೋಗಿಬಂದದ್ದನ್ನು ಅವನು ನೋಡಿಯೇ ಬೆಳೆದವನು.

ಪ್ರಾಪ್ತಿ ಆಸ್ಪತ್ರೆಗೆ ಸೇರುವ ಹಿಂದಿನ ದಿನ ಫೋನ್ ಮಾಡಿದಳು. "ನನ್ನ ಪಾಠ ಒಂದು ಬಾಕಿ ಉಂಟು. ಐಸೋಟೋಪ್. ಡಿಸೆಂಬರಲ್ಲಿ ಹೇಳ್ತೇನೆ ಅಂತ ಮಕ್ಕಳಿಗೆ ಹೇಳಿದ್ದೆ. ನೀವು ಮಾಡ್ತೀರಾ?"

"ಮಾಡ್ತೇನೆ."

"ಅವಸರ ಮಾಡ್ಬೇಡಿ. ಮೊದಲು ಡಾಲ್ಟನ್ ಏನು ಹೇಳಿದ ಅಂತ ಕೇಳಿ. ಅವರೇ ಹೇಳ್ಲಿ."

ಅವಳು ಮಾತ್ರೆ ನುಂಗುವ ಹೊತ್ತಿಗೆ ಸರಿಯಾಗಿ ಶೋಧನ್ ಒಂಬತ್ತನೆಯ ತರಗತಿಯಲ್ಲಿ ನಿಂತಿದ್ದ. ಅವಳು ಹೇಳಿದ ಹಾಗೆಯೇ ಕೇಳಿದ. ಒಂದು ಧಾತುವಿನ ಪರಮಾಣುಗಳೆಲ್ಲ ಒಂದೇ ತರ, ತೂಕವೂ ಒಂದೇ ಎಂದು ಮಕ್ಕಳು ಒಟ್ಟಿಗೆ ಹೇಳಿದರು. ಅವನು ಬೋರ್ಡಿನ ಮೇಲೆ ಹೈಡ್ರೋಜನ್ನಿನ ಮೂರು ರೂಪಗಳನ್ನು ಬರೆದ. ಪ್ರೋಟಾನ್ ಎಲ್ಲದರಲ್ಲೂ ಒಂದೇ, ನ್ಯೂಟ್ರಾನ್ ಬೇರೆ ಬೇರೆ. ಧಾತು ಒಂದೇ, ತೂಕ ಬೇರೆ. ಪುಸ್ತಕದಲ್ಲಿ ಮುಂದಿನದು ಐಸೋಟೋಪುಗಳ ಉಪಯೋಗ. ಅವನು ಓದುತ್ತ ಹೋದ. ಗಳಗಂಡದ, ಅಂದರೆ ಥೈರಾಯ್ಡ್ ಊದುವ ಕಾಯಿಲೆಯ ಚಿಕಿತ್ಸೆಗೆ ಅಯೋಡಿನ್ನಿನ ಐಸೋಟೋಪನ್ನು ಬಳಸುತ್ತಾರೆ ಎಂಬ ಸಾಲಿಗೆ ಬಂದಾಗ ಧ್ವನಿ ಸ್ವಲ್ಪ ತಗ್ಗಿತು.

ವಿಸ್ಮಿತಾ ಎದ್ದು ನಿಂತಳು. "ಸರ್, ನಮ್ಮ ಟೀಚರಿಗೆ ಕೊಡುವುದು ಇದೇ ಅಯೋಡಿನ್ನಾ?"

ಸುಳ್ಳು ಹೇಳಬಹುದಿತ್ತು. "ಹೌದು," ಎಂದ ಶೋಧನ್. "ಥೈರಾಯ್ಡಿಗೆ ಅಯೋಡಿನ್ ಬೇಕು. ಸಾದಾ ಅಯೋಡಿನ್ ಯಾವುದು, ಇದು ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಎರಡನ್ನೂ ಒಂದೇ ಅಂತ ಹೀರಿಕೊಳ್ತದೆ. ಒಳಗೆ ಹೋದ ಮೇಲೆ ಇದು ಸುಡ್ತದೆ."

ಹುಡುಗಿ ಕೂರಲಿಲ್ಲ. ಬೋರ್ಡನ್ನೇ ನೋಡುತ್ತ ಯೋಚಿಸಿದಳು. "ಹಾಗಾದ್ರೆ ಡಾಲ್ಟನ್ ಹೇಳಿದ್ದು ಸರಿ ಆಗಿದ್ರೆ ಟೀಚರಿಗೆ ಮದ್ದೇ ಇರ್ತಿರ್ಲಿಲ್ಲ, ಅಲ್ಲವಾ ಸರ್?"

ಶೋಧನ್ ಬೋರ್ಡಿನ ಕಡೆ ತಿರುಗಿದ. ಬರೆದದ್ದನ್ನೇ ಒರೆಸಿ ಮತ್ತೆ ಬರೆದ. ಮಕ್ಕಳಿಗೆ ಅರ್ಥವಾಗಿರಬೇಕು.

ಆಸ್ಪತ್ರೆಯಲ್ಲಿ ಅವಳನ್ನು ಸೀಸದ ಬಾಗಿಲಿನ ಕೋಣೆಯಲ್ಲಿಟ್ಟಿದ್ದರು. ಬಿಟ್ಟ ದಿನ ಅಣ್ಣ ಕಾರಿನ ಹಿಂದಿನ ಸೀಟಿನ ಮೂಲೆಯಲ್ಲಿ ಅವಳನ್ನು ಕೂರಿಸಿ ಪೊಳಲಿಗೆ ಕರೆತಂದ. ಅವಳು ಯಾರನ್ನೂ ನೋಡದೆ, ತಲೆ ತಗ್ಗಿಸಿ, ಗೋಡೆಯ ಪಕ್ಕದಲ್ಲೇ ಮೆಟ್ಟಿಲು ಹತ್ತಿ ಹೋದಳು. ಶಶಿಪ್ರಭಾ ದಿನವೂ ಗಂಜಿ, ಉಪ್ಪಿಲ್ಲದ ಪಲ್ಯ ತಂದು ಮೇಲಿನ ಮೆಟ್ಟಿಲಲ್ಲಿಟ್ಟು ಇಳಿಯುತ್ತಿದ್ದರು. ತಟ್ಟೆ ಹಾಗೆಯೇ ಹಿಂದೆ ಬಂದರೆ ಕೆಳಗಿನಿಂದಲೇ, "ಎರಡು ಚಮಚ ಆದ್ರೂ ತಿನ್ನು ಮಗಾ," ಎನ್ನುತ್ತಿದ್ದರು.

ಸಂಜೆ ಶಾಲೆಯಿಂದ ಬಂದ ಮೇಲೆ ಶೋಧನ್ ಕೆಳಗಿನ ಮೆಟ್ಟಿಲಲ್ಲಿ ಕೂರುತ್ತಿದ್ದ. ಅವಳು ಮೇಲೆ, ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಳ್ಳುತ್ತಿದ್ದಳು. ಧ್ವನಿ ಅಷ್ಟು ದೂರ ಬಾರದು. ಆದ್ದರಿಂದ ಇಬ್ಬರೂ ಫೋನ್ ಕಿವಿಗಿಟ್ಟುಕೊಂಡು, ಒಬ್ಬರನ್ನೊಬ್ಬರು ನೋಡುತ್ತ ಮಾತಾಡುತ್ತಿದ್ದರು.

"ಒಂದು ಮೆಟ್ಟಿಲು ಮೇಲೆ ಬಂದ್ರಿ ಇವತ್ತು."

"ಇಲ್ಲ, ಇದೇ ಮೆಟ್ಟಿಲು."

"ನಿನ್ನೆ ಆ ಹೂಕುಂಡದ ಕೆಳಗಿದ್ರಿ. ಇಳೀರಿ ಸರ್."

ಅವನು ಇಳಿದ. "ಒಳಗೆ ಬೇರೆ ತೂಕದ ಅಯೋಡಿನ್ ಇಟ್ಕೊಂಡ ನೀವು ಈಗ ಡಾಲ್ಟನ್ ಲೆಕ್ಕಕ್ಕೆ ಸಿಗುವುದಿಲ್ಲ ಅಂತ ವಿಸ್ಮಿತಾ ಹೇಳ್ತಿದ್ದಳು."

ಅವಳು ನಕ್ಕಳು. ಸದ್ದಿಲ್ಲದ ನಗು. ಭುಜಗಳು ಅಲುಗಿದ್ದರಿಂದಲೇ ಅವನಿಗೆ ಅದು ನಗು ಎಂದು ತಿಳಿದದ್ದು. ಮತ್ತೆ ಅವಳು ಹೇಳಿದಳು, "ನನಗೆ ಯಾರಾದ್ರೂ ಒಮ್ಮೆ ಕೈ ಹಿಡ್ಕೊಂಡಿದ್ರೆ ಸಾಕಿತ್ತು ಅನ್ನಿಸ್ತದೆ. ಆ ಕೋಣೆಯಲ್ಲಿ ಊಟ ಕೂಡ ಬಾಗಿಲ ಹತ್ತಿರ ಇಟ್ಟು ಓಡ್ತಿದ್ರು. ಅವರ ತಪ್ಪಲ್ಲ. ಆದ್ರೂ."

ಅವನು ಎದ್ದು ನಿಂತ.

"ಬೇಡ," ಎಂದಳು ಪ್ರಾಪ್ತಿ. "ಹೇಳಿದ್ದು ಅಷ್ಟೇ. ನೀವು ಅಲ್ಲೇ ಇರಿ."

ಮೈಯ ಸ್ಕ್ಯಾನ್ ಮಾಡಿದ ದಿನ, ದೂರ ಇರಬೇಕಾದ ದಿನಗಳೂ ಮುಗಿದಿದ್ದರಿಂದ, ಅವಳು ಪೊಳಲಿಗೆ ಹಿಂದಿರುಗದೆ ಬೆಳುವಾಯಿಗೆ ಹೋದಳು. ಅಣ್ಣ ಫೋನಿನಲ್ಲಿ ವಿಷಯ ಹೇಳಿದ. ಕುತ್ತಿಗೆ ಹೆಚ್ಚುಕಡಿಮೆ ಸ್ವಚ್ಛ. ಎರಡೂ ಶ್ವಾಸಕೋಶಗಳಲ್ಲಿ ಸಣ್ಣ ಸಣ್ಣ ಚುಕ್ಕೆಗಳು. ಅವು ಅಯೋಡಿನ್ ಹೀರಿಕೊಂಡಿವೆ, ಆದ್ದರಿಂದ ಅದೇ ಮದ್ದು ತಾಗಬಹುದು. ಜೂನಿನಲ್ಲಿ ಇನ್ನೊಂದು ಡೋಸ್. ಅದರ ಮೇಲೆಯೂ ಬೇಕಾಗಬಹುದು. ಡಾಕ್ಟರು ಈ ಸಲ ಧೈರ್ಯದ ಮಾತುಗಳನ್ನು ಆರಿಸಿ ಆರಿಸಿ ಹೇಳಿದರಂತೆ.

ಮತ್ತೆ ಪ್ರಾಪ್ತಿ ಫೋನ್ ಎತ್ತಲಿಲ್ಲ. ಮೊದಲು ನಿದ್ದೆಯಲ್ಲಿದ್ದಾಳೆ ಎಂದು ಅತ್ತಿಗೆ ಹೇಳುತ್ತಿದ್ದಳು. ಆಮೇಲೆ ಅತ್ತಿಗೆಯೂ ಎತ್ತುವುದನ್ನು ನಿಲ್ಲಿಸಿದಳು. ಜನವರಿ ಹೋಯಿತು. ಶನಿವಾರಗಳಲ್ಲಿ ಶೋಧನ್ ಹೋಟೆಲಿನ ಮುಂದೆ ಬೈಕು ನಿಲ್ಲಿಸದೆ ಹೋಗುತ್ತಿದ್ದ. ಬೇರೆಯವರು ಆ ಮೇಜಿನಲ್ಲಿ ಕೂತದ್ದು ಕಂಡರೆ ಇನ್ನೂ ಜೋರಾಗಿ ಓಡಿಸುತ್ತಿದ್ದ.

ಫೆಬ್ರವರಿಯ ಒಂದು ಭಾನುವಾರ ಅವನು ಬೆಳುವಾಯಿಗೆ ಹೋದ. ಸುಗ್ಗಿ ಬೆಳೆ ಕೊಯ್ಯುವ ಸಮಯ. ಭೋಜ ಗದ್ದೆಯಲ್ಲಿ ಕೊಯ್ಲಿನ ಯಂತ್ರದ ಹಿಂದೆ ನಡೆಯುತ್ತಿದ್ದವರು ಅವನನ್ನು ಕಂಡು, ಏನೂ ಕೇಳದೆ, ಮನೆಯ ಆಚೆಗಿನ ಕೆರೆಯ ಕಡೆ ಕೈ ತೋರಿಸಿದರು.

ಅವಳು ಕೆರೆಯ ಕಟ್ಟೆಯಲ್ಲಿ ಕೂತಿದ್ದಳು. ಮುಖದ ಊತ ಇಳಿದು ಕೆನ್ನೆಗಳು ಒಳಗೆ ಹೋಗಿದ್ದವು. ಕುತ್ತಿಗೆಯಲ್ಲಿ ಶಾಲು ಇರಲಿಲ್ಲ. ಹೊಲಿಗೆಯ ಗೆರೆ ಸರದ ಹಾಗೆ ಕಾಣುತ್ತಿತ್ತು.

"ಯಾಕೆ ಬಂದ್ರಿ?"

"ಫೋನ್ ಎತ್ಲಿಲ್ಲ ನೀವು."

"ಎತ್ತಿದ್ರೆ ಮಾತಾಡ್ಬೇಕಾಗ್ತದೆ." ಅವಳು ನೀರನ್ನು ನೋಡುತ್ತಿದ್ದಳು. ಧ್ವನಿ ಆಗಾಗ ಮುರಿಯುತ್ತಿತ್ತು. ಮುರಿದಲ್ಲಿ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಹೇಳುತ್ತಿದ್ದಳು. "ನಿಮ್ಮ ಅಮ್ಮ ಕೊನೇ ದಿನ ಮೆಟ್ಟಿಲಲ್ಲಿ ಕೂತು ನನ್ನ ಹತ್ತಿರ ಎಲ್ಲ ಹೇಳಿದ್ರು. ನಿಮ್ಮ ಅಪ್ಪನ ವಿಷಯ, ಆಸ್ಪತ್ರೆಯ ವಿಷಯ. ಬೈಲಿಲ್ಲ. ನನ್ನ ಮಗನನ್ನು ಬಿಟ್ಟುಬಿಡ್ತೀಯಾ ಅಂತ ಕೇಳಿದ್ರು. ಕೇಳುವಾಗ ಅವರ ಕಣ್ಣಲ್ಲಿ ನೀರಿತ್ತು ಸರ್. ನಾನು ಹೂಂ ಅಂದೆ."

ಶೋಧನ್‌ಗೆ ಅಮ್ಮನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅದರಿಂದ ಇನ್ನೂ ಕಷ್ಟವಾಯಿತು.

"ಆಗ ಚುಕ್ಕೆಗಳ ವಿಷಯ ಕೂಡ ಗೊತ್ತಿರ್ಲಿಲ್ಲ," ಎಂದಳು ಪ್ರಾಪ್ತಿ. "ಈಗ ಅದೂ ಉಂಟು. ಪಾಠ ಮಾಡುವ ಧ್ವನಿ ಇಲ್ಲ. ಮಕ್ಕಳಾಗ್ತದಾ ಗೊತ್ತಿಲ್ಲ. ಎಷ್ಟು ಡೋಸ್ ಅಂತ ಡಾಕ್ಟ್ರಿಗೇ ಗೊತ್ತಿಲ್ಲ. ನಿಮ್ಮ ಅಮ್ಮ ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ."

"ಅಮ್ಮ ಕೇಳಿದ್ದಕ್ಕೆ ಉತ್ತರ ಕೊಟ್ರಿ. ನಾನು ಅವರಿಗಿಂತ ಮೊದಲು ಕೇಳಿದ್ದೆ. ನನಗೆ ಇನ್ನೂ ಕೊಡ್ಲಿಲ್ಲ."

ಅವಳು ಕಟ್ಟೆಯ ಸಂದಿಯ ಹುಲ್ಲನ್ನು ಕೀಳತೊಡಗಿದಳು.

"ನನಗೆ ಒಳ್ಳೇದಾ, ಅಮ್ಮನಿಗೆ ಒಳ್ಳೇದಾ, ಅದೆಲ್ಲ ಬೇಡ. ನಿಮಗೆ ನಾನು ಬೇಕಾ ಬೇಡವಾ? ಬೇಡ ಅಂದ್ರೆ ಈಗಲೇ ಹೋಗ್ತೇನೆ. ಇನ್ನು ಫೋನೂ ಮಾಡುವುದಿಲ್ಲ."

ಗದ್ದೆಯ ಯಂತ್ರದ ಸದ್ದು ನಿಂತಿತು. ಅವಳು ಬಾಯಿ ತೆರೆದಳು, ಸ್ವರ ಹೊರಡಲಿಲ್ಲ. ಗಂಟಲು ಸರಿಮಾಡಿಕೊಂಡಳು. ಮತ್ತೆಯೂ ಹೊರಡಲಿಲ್ಲ. ಸಿಟ್ಟಿನಿಂದ ಕೈಯನ್ನು ಕಟ್ಟೆಯ ಕಲ್ಲಿಗೆ ಬಡಿದಳು. ಅವನು ಆ ಕೈಯನ್ನು ಹಿಡಿದುಕೊಂಡ. ಅವರಿಬ್ಬರು ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು.

"ಬೇಕು," ಎಂದಳು. ಪಿಸುಮಾತೂ ಅಲ್ಲ, ಬರೀ ಉಸಿರು. "ಬೇಕು ಅಂತಲೇ ಫೋನ್ ಎತ್ಲಿಲ್ಲ."

ಅವನು ಕೈ ಬಿಡಲಿಲ್ಲ. ಅವಳು ಇನ್ನೊಂದು ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಅಳುವಿಗೂ ಧ್ವನಿ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಮುಖ ಒರೆಸಿಕೊಂಡು, "ನಿಮ್ಮ ಅಮ್ಮನಿಗೆ ಕೊಟ್ಟ ಮಾತು ತಪ್ಪಿತು," ಎಂದಳು.

"ನಾನು ಹೇಳ್ತೇನೆ."

ಅವನು ಹೇಳಿದ. ಶಶಿಪ್ರಭಾ ಕೂಗಾಡಲಿಲ್ಲ. ಹೊತ್ತು ಹೊತ್ತಿಗೆ ಊಟ ಬಡಿಸುತ್ತಿದ್ದರು, ಮಾತು ಮಾತ್ರ ಇಲ್ಲ. ಮಾರ್ಚ್ ಪೂರ್ತಿ ಆ ಮನೆಯಲ್ಲಿ ಪಾತ್ರೆಗಳ ಸದ್ದಷ್ಟೇ ಇತ್ತು. ಏಪ್ರಿಲ್‌ನಲ್ಲಿ ಮೂಡುಬಿದಿರೆಯ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆ ನೋಂದಣಿ ಎಂದು ತಿಳಿಸಿದಾಗಲೂ ಅವರು ತಲೆಯಾಡಿಸಿ ಒಳಗೆ ಹೋದರು.

ಆ ಬೆಳಿಗ್ಗೆ ಶೋಧನ್ ಬೈಕ್ ತೆಗೆಯುವಾಗ ಅಮ್ಮ ಸೀರೆ ಉಟ್ಟು ಗೇಟಿನ ಹತ್ತಿರ ನಿಂತಿದ್ದರು. "ಬೈಕಿನ ಹಿಂದೆ ನನಗೆ ಕೂರ್ಲಿಕ್ಕೆ ಆಗುವುದಿಲ್ಲ. ರಿಕ್ಷಾ ಕರಿ," ಎಂದರು.

ಆಫೀಸಿನಲ್ಲಿ ಅಬ್ದುಲ್ ನಾಸಿರ್, ಭೋಜ, ಅಣ್ಣ ಸಾಕ್ಷಿ ಹಾಕಿದರು. ಎಲ್ಲ ಮುಗಿದ ಮೇಲೆ ಪ್ರಾಪ್ತಿ ಶಶಿಪ್ರಭಾರ ಕಾಲು ಮುಟ್ಟಲು ಬಗ್ಗಿದಳು. ಅವರು ಭುಜ ಹಿಡಿದು ಎಬ್ಬಿಸಿದರು.

"ಬೇಡ ಅಂತ ಹೇಳಿದವಳು ನಾನೇ. ಈಗಲೂ ನನಗೆ ಹೆದರಿಕೆ ಉಂಟು. ಅದು ಹೋಗುವುದಿಲ್ಲ," ಎಂದರು. "ಮನೆಗೆ ಹೋಗುವ, ಬಾ."

ಜೂನಿನಲ್ಲಿ ಎರಡನೆಯ ಡೋಸ್ ಆಯಿತು. ಮದುವೆಯಾಗಿ ಎರಡು ತಿಂಗಳೂ ಆಗಿರದ ಹೆಂಡತಿ ಮೇಲಿನ ಕೋಣೆಯಲ್ಲಿ, ಗಂಡ ಕೆಳಗೆ. ಈ ಸಲ ಪ್ರಾಪ್ತಿಗೆ ವಾಂತಿ ಹೆಚ್ಚಿತ್ತು. ಒಂದು ಮಧ್ಯಾಹ್ನ ಅವಳು ಬಚ್ಚಲಲ್ಲಿ ಕುಸಿದು ಕೂತ ಸದ್ದು ಕೇಳಿ ಶಶಿಪ್ರಭಾ ಅರ್ಧ ಮೆಟ್ಟಿಲು ಓಡಿ ಹತ್ತಿದರು. "ನನ್ನ ಪ್ರಾಯಕ್ಕೆ ಏನಾಗ್ಲಿಕ್ಕುಂಟು," ಎಂದು ಉಳಿದ ಅರ್ಧವನ್ನೂ ಹತ್ತಿ, ಸೊಸೆಯ ತಲೆ ಹಿಡಿದುಕೊಂಡು ಕೂತರಂತೆ. ಶೋಧನ್ ಆಗ ಶಾಲೆಯಲ್ಲಿದ್ದ. ಹೇಳಿದ್ದು ಪ್ರಾಪ್ತಿ. ಅಮ್ಮ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಶಾಲೆಯಲ್ಲಿ ಹೊಸ ಒಂಬತ್ತನೆಯ ತರಗತಿ ಬಂದಿತ್ತು. ರಸಾಯನಶಾಸ್ತ್ರಕ್ಕೆ ಅತಿಥಿ ಶಿಕ್ಷಕಿಯನ್ನು ಕೊಟ್ಟಿದ್ದರು. ಪ್ರಾಪ್ತಿ ಮೈಕ್ ಕಟ್ಟಿಕೊಂಡು ಪಾಠ ಮಾಡಬಹುದು ಎಂದು ಎಚ್.ಎಂ. ಹೇಳಿ ಕಳಿಸಿದ್ದರು. ನೋಡುವ, ಎಂದಷ್ಟೇ ಅವಳು ಹೇಳಿದ್ದಳು.

ಸ್ಕ್ಯಾನಿನಲ್ಲಿ ಚುಕ್ಕೆಗಳು ಕಡಿಮೆಯಾಗಿದ್ದವು. ಹೋಗಿರಲಿಲ್ಲ. ಮುಂದಿನ ಡೋಸಿನ ಬಗ್ಗೆ ಆರು ತಿಂಗಳ ನಂತರ ನೋಡುವ ಎಂದರು ಡಾಕ್ಟರು. ಇನ್ನು ಎಲ್ಲರ ಜೊತೆ ಇರಬಹುದು ಎಂದೂ ಹೇಳಿದರು.

ಆ ಸಂಜೆ ಶೋಧನ್ ಮನೆ ಮುಂದಿನ ಸಿಟೌಟಿನ ಬೆಂಚಿನಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದ. ಪ್ರಾಪ್ತಿ ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದು ಬಂದಳು. ಬಂದು ಅವನ ಪಕ್ಕದಲ್ಲಿ ಕೂತಳು. ನಡುವೆ ಜಾಗ ಬಿಡಲಿಲ್ಲ. ಅವನು ಕೆಂಪು ಪೆನ್ನಿನ ಮುಚ್ಚಳ ಹಾಕಿದ.

"ಹೆದರಿಕೆ ಆಗ್ತದೆ," ಎಂದಳು.

"ನನಗೂ."

ಅವಳು ಅವನ ಭುಜಕ್ಕೆ ತಲೆಯಿಟ್ಟಳು. ಒಳಗೆ ಶಶಿಪ್ರಭಾ ಬಂಗುಡೆ ಮೀನು ಹುರಿಯುತ್ತಿದ್ದರು. ಪಥ್ಯ ಮುಗಿದಿತ್ತು. ಎಣ್ಣೆಯ ಸದ್ದು ಕೇಳುತ್ತ ಕೇಳುತ್ತ ಅವಳಿಗೆ ನಿದ್ದೆ ಹತ್ತಿತು. ಸ್ವಲ್ಪ ಹೊತ್ತಿಗೆ ಶೋಧನ್‌ನ ತೋಳು ಜೋಮು ಹಿಡಿಯಿತು. ಉತ್ತರಪತ್ರಿಕೆಯೊಂದು ತೊಡೆಯಿಂದ ಜಾರಿ ನೆಲಕ್ಕೆ ಬಿತ್ತು. ಅವನು ಅದನ್ನು ಹೆಕ್ಕಲು ಹೋಗಲಿಲ್ಲ. ತೋಳನ್ನೂ ಅಲುಗಿಸಲಿಲ್ಲ.